ನಮ್ಮ ಪುಸ್ತಕದ ಬಗ್ಗೆ ಓದುಗರು ಮಾತಾಡುತ್ತಿರುವಾಗ ಲೇಖಕ ನಡುವೆ ಬಾಯಿ ಹಾಕಬಹುದೇ?

ಚೊಚ್ಚಲ ಕಥೆಗಾರ
ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಥಾಸಂಕಲನ ಈಚೆಗೆ ಪ್ರಕಟವಾಗಿದೆ. ನಾನು ಬರೆಯತೊಡಗುವುದಕ್ಕೂ ಮೊದಲಿನಿಂದ ಸದಸ್ಯನಾಗಿರುವ ಓದುಗರ ಫೇಸ್‌ಬುಕ್ ಗುಂಪೊಂದರಲ್ಲಿ ಒಬ್ಬರು ಅದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಅವರ ಆಕ್ಷೇಪಗಳು ಮೂರು. ನಾಲ್ಕು ಕಥೆಗಳು ಒಂದೇ ಬಗೆಯ ಸಾವಿನಲ್ಲಿ ಮುಗಿಯುತ್ತವೆ. ಹೆಣ್ಣು ಪಾತ್ರಗಳಿಗೆ ಮಾತೇ ಇಲ್ಲ. ಮಲೆನಾಡಿನ ಕಥೆಯೊಂದರಲ್ಲಿ ಮಳೆ ಹಿಡಿಯುವ ಮೊದಲೇ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುತ್ತಾರೆ, ಆದ್ದರಿಂದ ಇದು ತೋಟವನ್ನೇ ಕಾಣದವರ ಬರವಣಿಗೆ.

ಮೊದಲ ಎರಡನ್ನು ಅವರ ಅಭಿಪ್ರಾಯವೆಂದು ತಿಳಿದು ಸುಮ್ಮನಿರಬಲ್ಲೆ. ಮೂರನೆಯದನ್ನು ಓದಿದಾಗಿನಿಂದ ಕೈ ತುರಿಸುತ್ತಿದೆ, ಏಕೆಂದರೆ ನಾನು ಹುಟ್ಟಿ ಬೆಳೆದದ್ದೇ ತೋಟದ ಮನೆಯಲ್ಲಿ. ಉತ್ತರಿಸದಿದ್ದರೆ ಸೊಕ್ಕಿನವನೆನ್ನುತ್ತಾರೆ ಎಂದು ಕೆಲವು ಗೆಳೆಯರು, ಉತ್ತರಿಸಿದರೆ ಟೀಕೆ ಸಹಿಸದವನೆನ್ನುತ್ತಾರೆ ಎಂದು ಇನ್ನು ಕೆಲವರು. ಅನುಭವಸ್ಥರು ದಾರಿ ತೋರಿಸಬೇಕು.

ಪುಟ ಮಡಿಸುವವಳು
ಬೇಡ. ಅಚ್ಚಿಗೆ ಹೋದಾಗಲೇ ನಿಮ್ಮ ಮಾತು ಮುಗಿಯಿತು, ಈಗ ನಮ್ಮ ಸರದಿ.

ಹುಬ್ಬಳ್ಳಿ ಓದುಗ
ಇಷ್ಟು ಖಡಾಖಂಡಿತವಾಗಿ ಹೇಳುವುದು ಸರಿಯಲ್ಲ. ಶಿವರಾಮ ಕಾರಂತರು ಪತ್ರ ಬರೆದ ಓದುಗರಿಗೆ ಒಂದು ಕಾರ್ಡಿನಲ್ಲಾದರೂ ಉತ್ತರ ಕಳುಹಿಸುತ್ತಿದ್ದರೆಂಬುದನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಜ್ಞಾನಪೀಠ ಬಂದವರಿಗೇ ಇರದಿದ್ದ ಬಿಗುಮಾನ ಮೊದಲ ಪುಸ್ತಕದವರಿಗೆ ಯಾಕೆ ಬೇಕು? ಓದುಗರೊಂದಿಗೆ ಮಾತಾಡುವುದು ನಮ್ಮ ಪರಂಪರೆಯಲ್ಲಿಯೇ ಇದೆ. ಲೇಖಕರು ಗುಂಪಿನಲ್ಲಿದ್ದಾರೆಂಬ ಕಾರಣಕ್ಕೇ ನನ್ನಂಥವರು ಅಲ್ಲಿಗೆ ಹೋಗುತ್ತೇವೆ.

ನಿವೃತ್ತ ಉಪಸಂಪಾದಕ
ಹುಬ್ಬಳ್ಳಿಯವರೇ, ತಾವು ಕೊಟ್ಟ ಉದಾಹರಣೆ ಒಳ್ಳೆಯದು, ಆದರೆ ಈ ಪ್ರಶ್ನೆಗೆ ಅದು ಹೊಂದುವುದಿಲ್ಲ. ಕಾರಂತರಿಗೆ ಬಂದದ್ದು ಕಾರಂತರ ಹೆಸರಿಗೆ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಪತ್ರ. ಅಂಥದಕ್ಕೆ ಉತ್ತರಿಸುವುದು ಸೌಜನ್ಯ. ಗುಂಪಿನಲ್ಲಿ ಬಂದಿರುವ ಬರಹ ಈ ಕಥೆಗಾರರ ವಿಳಾಸಕ್ಕೆ ಬಂದದ್ದಲ್ಲ, ಅದು ಇತರ ಓದುಗರಿಗಾಗಿ ಬರೆದದ್ದು. ಪುಸ್ತಕ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಹೇಳಿದ ಮಾತಿಗೆ ಬರೆದವರೇ ಎದ್ದುನಿಂತು ಉತ್ತರಿಸಿದರೆ ಅದು ಪತ್ರೋತ್ತರವಾಗುವುದಿಲ್ಲ, ಅಡ್ಡ ಮಾತಾಗುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. 1965ರಲ್ಲಿ 'ಸುಧಾ', 1968ರಲ್ಲಿ 'ಮಯೂರ' ಶುರುವಾದ ಕಾಲದಿಂದ ಬಹಳ ವರ್ಷ ಓದುಗ ಮತ್ತು ಲೇಖಕರ ನಡುವೆ ಸಂಪಾದಕನೊಬ್ಬ ಕುಳಿತಿರುತ್ತಿದ್ದ. ಓದುಗರ ಪತ್ರದ ಖಾರ ಅತಿಯಾದರೆ ಅಲ್ಲೇ ಎರಡು ಸಾಲು ಹೋಗುತ್ತಿತ್ತು, ಲೇಖಕರ ಪ್ರತಿಕ್ರಿಯೆ ಸಿಟ್ಟಿನದಾಗಿದ್ದರೆ ಒಂದು ವಾರ ಮೇಜಿನ ಖಾನೆಯಲ್ಲಿ ಉಳಿಯುತ್ತಿತ್ತು, ಅಷ್ಟರಲ್ಲಿ ಲೇಖಕರೇ ಫೋನು ಮಾಡಿ 'ಅದನ್ನು ಹಾಕಬೇಡಿ' ಎನ್ನುತ್ತಿದ್ದರು. ಈಗ ಆ ಖಾನೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಂದ ಸಿಟ್ಟು ಹನ್ನೊಂದೂವರೆಗೆ ಎಲ್ಲರ ಮೊಬೈಲಿನಲ್ಲಿ ಇರುತ್ತದೆ.

ಗುಡ್‌ರೀಡ್ಸ್ ಗಿರಾಕಿ
ಈ ಪ್ರಶ್ನೆಯನ್ನು ಇಂಗ್ಲಿಷ್ ಓದುಗರ ಲೋಕ ಬಹಳ ಹಿಂದೆಯೇ ಎದುರಿಸಿದೆ. ಗುಡ್‌ರೀಡ್ಸ್ ಎಂಬ, ಓದುಗರು ಪುಸ್ತಕಗಳಿಗೆ ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯುವ ಜಾಲತಾಣ 2007ರಲ್ಲಿ ಆರಂಭವಾಯಿತು, 2013ರಲ್ಲಿ ಅದನ್ನು ಅಮೆಜಾನ್ ಕೊಂಡಿತು. ಪ್ರತಿಕೂಲ ಅಭಿಪ್ರಾಯಕ್ಕೆ ಉತ್ತರಿಸಲು ಹೋಗಬೇಡಿ ಎಂಬುದು ಅವರು ಲೇಖಕರಿಗೆ ಕೊಡುವ ಸಲಹೆ. ಬರಹ ಪುಸ್ತಕವನ್ನು ಬಿಟ್ಟು ನಿಮ್ಮ ಮೇಲಿನ ನಿಂದನೆಗೆ ಇಳಿದಿದ್ದರೆ ದೂರು ಕೊಡಿ, ಅಲ್ಲಿ ಜಗಳಕ್ಕೆ ನಿಲ್ಲಬೇಡಿ. ಮಾತಾಡಲೇಬೇಕೆನ್ನುವವರಿಗೆ ಓದುಗರು ಪ್ರಶ್ನೆ ಕೇಳುವ ಪ್ರತ್ಯೇಕ ಜಾಗವನ್ನು ಲೇಖಕರ ಪುಟದಲ್ಲಿಯೇ ಮಾಡಿಕೊಟ್ಟಿದ್ದಾರೆ.

ಈ ಸಲಹೆ ಯಾಕೆ ಬೇಕಾಯಿತೆಂಬುದಕ್ಕೆ ಒಂದು ಪ್ರಸಂಗ ಸಾಕು. 2014ರಲ್ಲಿ ಬ್ರಿಟನ್ನಿನ ಒಬ್ಬ ಹೊಸ ಲೇಖಕ, ತನ್ನ ಪುಸ್ತಕ ಚೆನ್ನಾಗಿಲ್ಲವೆಂದು ಬರೆದ ಹದಿಹರೆಯದ ಓದುಗಳನ್ನು ಹುಡುಕಿಕೊಂಡು ಸ್ಕಾಟ್ಲೆಂಡಿನವರೆಗೂ ಹೋಗಿ, ಅವಳು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿಯೇ ಬಾಟಲಿಯಿಂದ ಅವಳ ತಲೆಗೆ ಹೊಡೆದ. ಮರುವರ್ಷ ಅವನಿಗೆ ಜೈಲು ಶಿಕ್ಷೆಯಾಯಿತು.

ಇನ್ನೊಂದು ಮಾತು. ನಮ್ಮ ಲೇಖಕರು ಮೂರು ನಕ್ಷತ್ರ ಕಂಡರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಗುಡ್‌ರೀಡ್ಸ್ ಲೆಕ್ಕದಲ್ಲಿ ಎರಡು ನಕ್ಷತ್ರವೆಂದರೆ ಪರವಾಗಿಲ್ಲ, ಮೂರೆಂದರೆ ಹಿಡಿಸಿತು. ಹಿಡಿಸಿತೆಂದು ಹೇಳಿದವರ ಮೇಲೆ ಮುನಿಸಿಕೊಳ್ಳುವುದು ಯಾವ ನ್ಯಾಯ?

ಹುಬ್ಬಳ್ಳಿ ಓದುಗ
ಬಾಟಲಿಯಿಂದ ಹೊಡೆದವನನ್ನು ಮುಂದಿಟ್ಟುಕೊಂಡು ನಮ್ಮ ಪಾಪದ ಕಥೆಗಾರರನ್ನು ಹೆದರಿಸಬೇಡಿ. ಅವರು ಕೇಳಿದ್ದು ಒಂದು ಕಾಮೆಂಟ್ ಹಾಕಬಹುದೇ ಎಂದು.

ತೀರ್ಥಹಳ್ಳಿ ತೋಟ
ಉಳಿದ ಚರ್ಚೆ ನನಗೆ ತಿಳಿಯದು, ಔಷಧಿಯ ವಿಷಯ ಮಾತ್ರ ಹೇಳುತ್ತೇನೆ ಮಾರಾಯ್ರೇ. ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ, ಮೇ ಕೊನೆಗೋ ಜೂನ್ ಮೊದಲಿಗೋ ಆಗಬೇಕು. ಎರಡನೆಯದು ಅದಾಗಿ 40-45 ದಿನಕ್ಕೆ, ಮಳೆ ನಡುವೆ ಹೊಳವು ಕೊಟ್ಟಾಗ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು. ಮಳೆ ಸುರಿಯುತ್ತಿರುವಾಗ ಗೊನೆಗೆ ಹೊಡೆದರೆ ಅದು ಕಾಯಿಗೆ ಹಿಡಿಯುವುದೇ ಇಲ್ಲ. ಬಹುಶಃ ಆ ಓದುಗರು ಎರಡನೆಯ ಸಿಂಪಡಣೆಯನ್ನಷ್ಟೇ ನೋಡಿರಬೇಕು. ಕಥೆಗಾರರು ಬರೆದದ್ದು ಸರಿಯಾಗಿದೆ.

ಚೊಚ್ಚಲ ಕಥೆಗಾರ
ತೋಟದವರೇ, ತಮಗೆ ಅನಂತ ವಂದನೆಗಳು! ಈ ಮಾತನ್ನು ಹಾಗೆಯೇ ತೆಗೆದುಕೊಂಡು ಅಲ್ಲಿ ಹಾಕಲೇ? ಅಥವಾ ತಾವೇ ಆ ಗುಂಪಿಗೆ ಬಂದು ಎರಡು ಮಾತು ಬರೆಯುತ್ತೀರಾ? ಕೊಂಡಿ ಕಳುಹಿಸುತ್ತೇನೆ.

ಪುಟ ಮಡಿಸುವವಳು
ಇಗೋ, ಶುರುವಾಯಿತು. ತಾವು ಉತ್ತರಿಸುವುದಕ್ಕಿಂತ ಕೆಟ್ಟದ್ದು ತಮ್ಮ ಪರವಾಗಿ ಉತ್ತರಿಸಲು ಜನರನ್ನು ಕಳುಹಿಸುವುದು. ಆ ಓದುಗರ ಬರಹದ ಕೆಳಗೆ ಇದ್ದಕ್ಕಿದ್ದಂತೆ ತೀರ್ಥಹಳ್ಳಿಯಿಂದ ಒಬ್ಬರು ಪ್ರತ್ಯಕ್ಷರಾಗಿ ಮೈಲುತುತ್ತದ ಪ್ರಮಾಣ ಹೇಳತೊಡಗಿದರೆ, ಯಾರು ಯಾಕೆ ಕಳುಹಿಸಿದರೆಂದು ತಿಳಿಯದಷ್ಟು ದಡ್ಡರಲ್ಲ ನಾವು ಓದುಗರು.

ತೀರ್ಥಹಳ್ಳಿ ತೋಟ
ನನಗೆ ಕೊಂಡಿ ಬೇಡ. ನಾನು ಆ ಪುಸ್ತಕ ಓದಿಲ್ಲ.

ಗುಡ್‌ರೀಡ್ಸ್ ಗಿರಾಕಿ
'ಪುಟ ಮಡಿಸುವವಳು' ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. 2023ರ ಡಿಸೆಂಬರಿನಲ್ಲಿ ಅಮೆರಿಕದ ಒಬ್ಬ ಹೊಸ ಲೇಖಕಿ ಗುಡ್‌ರೀಡ್ಸ್‌ನಲ್ಲಿ ಸುಳ್ಳು ಖಾತೆಗಳನ್ನು ತೆರೆದು, ತನ್ನ ಪುಸ್ತಕವನ್ನು ಹೊಗಳಿ, ತನ್ನಂತೆಯೇ ಮೊದಲ ಪುಸ್ತಕ ತರುತ್ತಿದ್ದ ಇತರರಿಗೆ ಒಂದೊಂದೇ ನಕ್ಷತ್ರ ಕೊಟ್ಟದ್ದು ಬಯಲಾಯಿತು. ಪತ್ತೆ ಹಚ್ಚಿದವರು ಓದುಗರು ಮತ್ತು ಸಹಲೇಖಕರೇ. ಪ್ರಕಾಶಕರು ಪುಸ್ತಕವನ್ನೇ ಕೈಬಿಟ್ಟರು. ಭಾರತದಲ್ಲಿಯೂ ಆನ್‌ಲೈನ್ ಅಭಿಪ್ರಾಯಗಳ ಪ್ರಾಮಾಣಿಕತೆಯ ಬಗ್ಗೆ 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000 ಎಂಬ ಮಾನಕ ಹೊರಡಿಸಿದೆ. ಅದು ಮಾರಾಟದ ತಾಣಗಳನ್ನು ಕುರಿತದ್ದು, ನಮ್ಮ ಹರಟೆಯ ಗುಂಪುಗಳನ್ನಲ್ಲ. ಆದರೂ ಹಣ ಕೊಟ್ಟೋ ಕೂಲಿಯಾಳು ಹಿಡಿದೋ ಬರೆಸಿದ ಮೆಚ್ಚುಗೆ ಮೋಸ ಎಂಬ ಮಾತು ಪುಸ್ತಕಕ್ಕೂ ಪ್ರೆಶರ್ ಕುಕ್ಕರಿಗೂ ಒಂದೇ.

ಗುಂಪಿನ ನಿರ್ವಾಹಕಿ
ನಾನು ಇಂಥದೇ ಗುಂಪೊಂದನ್ನು ನಡೆಸುತ್ತಿದ್ದೇನೆ. ಇಲ್ಲಿಯವರೆಗೆ ಎಲ್ಲರೂ ಲೇಖಕರ ಒರಟುತನದ ಬಗ್ಗೆ ಮಾತಾಡಿದ್ದೀರಿ. ಕನ್ನಡದ ಗುಂಪುಗಳಲ್ಲಿ ನಾನು ಕಂಡ ತೊಂದರೆ ಅದಲ್ಲ. ಇಲ್ಲಿ ಬೈಯುವ ಲೇಖಕರು ಬಹಳ ಕಡಿಮೆ. ಇಲ್ಲಿನ ತೊಂದರೆ ಲೇಖಕರ ವಿನಯ.

ಒಂದು ಪ್ರಸಂಗ ಹೇಳುತ್ತೇನೆ, ಹೆಸರು ಬೇಡ. ಕಾದಂಬರಿಯೊಂದರ ಉತ್ತರಾರ್ಧ ಜಾಳಾಗಿದೆ, ನೂರು ಪುಟ ಕಡಿಮೆ ಮಾಡಬಹುದಿತ್ತು ಎಂದು ಒಬ್ಬ ಸದಸ್ಯೆ ಬರೆದರು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಸಾಹಿತ್ಯದ ವಿದ್ಯಾರ್ಥಿನಿಯಲ್ಲ, ಆದರೆ ಓದಿದ್ದನ್ನು ಪುಟಸಂಖ್ಯೆ ಸಮೇತ ಹೇಳುವವರು. ಲೇಖಕರು ಹತ್ತು ನಿಮಿಷದಲ್ಲಿ ಬಂದರು. 'ತಮ್ಮಂಥ ಪ್ರಬುದ್ಧ ಓದುಗರು ಇನ್ನೊಮ್ಮೆ ಸಾವಧಾನವಾಗಿ ಓದಿದರೆ ಆ ಭಾಗದ ಧ್ವನಿ ಹೊಳೆಯಬಹುದು' ಎಂದು ಬರೆದು ಕೈ ಮುಗಿದ ಚಿಹ್ನೆ ಹಾಕಿದರು. ಒಂದೂ ಕೆಟ್ಟ ಪದವಿಲ್ಲ. ಅದರ ಕೆಳಗೆ ಅವರ ಶಿಷ್ಯರು, ಊರಿನವರು, ಹಿಂದೆ ಅವರ ಕೈಯಿಂದ ಮುನ್ನುಡಿ ಬರೆಸಿಕೊಂಡವರು ಒಬ್ಬೊಬ್ಬರಾಗಿ ಬಂದು 'ಸರ್ ಅವರ ಬರಹ ದಕ್ಕಲು ಸಿದ್ಧತೆ ಬೇಕು' ಎನ್ನತೊಡಗಿದರು. ಸಂಜೆ ಲೇಖಕರು ಇನ್‌ಬಾಕ್ಸಿಗೆ ಹೋಗಿ ಫೋನ್ ನಂಬರ್ ಕೇಳಿದರು, ರಾತ್ರಿ ಕರೆ ಮಾಡಿ ಮುಕ್ಕಾಲು ಗಂಟೆ ಕಾದಂಬರಿಯ ಹಿನ್ನೆಲೆ ವಿವರಿಸಿದರು. ಮರುದಿನ ಆ ಸದಸ್ಯೆ ತಮ್ಮ ಬರಹವನ್ನು ಅಳಿಸಿದರು. ಅಂದಿನಿಂದ ಅವರು ಯಾವ ಪುಸ್ತಕದ ಬಗ್ಗೆ ಬರೆದರೂ 'ಎಲ್ಲರೂ ಓದಲೇಬೇಕಾದ ಕೃತಿ' ಎಂಬ ಒಂದೇ ಸಾಲು ಬರೆಯುತ್ತಾರೆ.

ಆ ಲೇಖಕರು ತಾವು ಅತ್ಯಂತ ಸೌಜನ್ಯದಿಂದ ನಡೆದುಕೊಂಡೆವೆಂದೇ ನಂಬಿದ್ದಾರೆ. ನಮ್ಮ ಲೋಕ ಚಿಕ್ಕದು. ಲೇಖಕ, ಪ್ರಕಾಶಕ, ವಿಮರ್ಶಕ, ಪ್ರಶಸ್ತಿ ಸಮಿತಿಯವರು, ಓದುಗರು ಎಲ್ಲರೂ ಒಂದೇ ಬಿಡುಗಡೆ ಸಮಾರಂಭದಲ್ಲಿ ಉಪ್ಪಿಟ್ಟು ತಿಂದವರು. ಇಲ್ಲಿ ಲೇಖಕರು ಒಂದು ಮಾತಾಡಿದರೆ ಅದು ಇನ್ನೊಬ್ಬ ಓದುಗನ ಮಾತಿನಂತೆ ಕೇಳಿಸುವುದಿಲ್ಲ, ವೇದಿಕೆಯ ಮೇಲಿಂದ ಬಂದಂತೆ ಕೇಳಿಸುತ್ತದೆ. ಆದುದರಿಂದ ಕನ್ನಡದಲ್ಲಿ ಲೇಖಕರ ಸೌಜನ್ಯವನ್ನು ಅವರ ಪದಗಳಿಂದ ಅಳೆಯಬಾರದು, ಅವರು ಬಂದುಹೋದ ಮೇಲೆ ಓದುಗರು ಇನ್ನೂ ಬಿಡುಬೀಸಾಗಿ ಮಾತಾಡುತ್ತಿದ್ದಾರೆಯೇ ಎಂಬುದರಿಂದ ಅಳೆಯಬೇಕು.

ನಿವೃತ್ತ ಉಪಸಂಪಾದಕ
ನಿರ್ವಾಹಕಿಯವರು ಬಹಳ ಸರಿಯಾಗಿ ಹೇಳಿದರು. 'ಇನ್ನೊಮ್ಮೆ ಓದಿ' ಎಂಬುದು ಕೈ ಮುಗಿದುಕೊಂಡು ಹೇಳುವ ಬೈಗುಳ.

ಧಾರಾವಾಹಿ ಬರೆಯುವವಳು
ಇಲ್ಲಿ ಎಲ್ಲರೂ ಅಚ್ಚಾದ ಪುಸ್ತಕಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದೀರಿ. ನಾನು ಪ್ರತಿಲಿಪಿ ಎಂಬ ಕಥೆಗಳ ಜಾಲತಾಣದಲ್ಲಿ ಕಂತು ಕಂತಾಗಿ ಬರೆಯುವವಳು. ಅಲ್ಲಿ ಪ್ರತಿ ಅಧ್ಯಾಯದ ಕೆಳಗೆ ಓದುಗರು ನಕ್ಷತ್ರ ಕೊಡುತ್ತಾರೆ, ಅಭಿಪ್ರಾಯ ಬರೆಯುತ್ತಾರೆ, 'ಮುಂದಿನ ಭಾಗ ಯಾವಾಗ ಮೇಡಂ' ಎಂದು ಕೇಳುತ್ತಾರೆ. ನಾಯಕಿ ಗಂಡನ ಮನೆಗೆ ಹಿಂತಿರುಗಬಾರದೆಂದು ಜಗಳ ಮಾಡುತ್ತಾರೆ. ಅಲ್ಲಿ ನಾನು ಉತ್ತರಿಸದಿದ್ದರೆ ಅದು ಗೌರವವಲ್ಲ, ಅಹಂಕಾರ. ಹೆಚ್ಚಿನವರು ಮನೆಗೆಲಸ ಮುಗಿಸಿ ಮಧ್ಯಾಹ್ನ ಮೊಬೈಲಿನಲ್ಲಿ ಓದುವ ಹೆಂಗಸರು. ಅವರು ನನಗೇ ಬರೆಯುತ್ತಾರೆ, ನನ್ನಿಂದಲೇ ಉತ್ತರ ನಿರೀಕ್ಷಿಸುತ್ತಾರೆ.

ಅಲ್ಲಿಯೂ ಒಂದು ಮಿತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಮುಂದೇನಾಗುತ್ತದೆಂದು ಹೇಳುವುದಿಲ್ಲ, ಓದುಗರ ಒತ್ತಾಯಕ್ಕೆ ಕಥೆ ತಿರುಗಿಸುತ್ತೇನೆಂದು ಮಾತು ಕೊಡುವುದಿಲ್ಲ, ಇಬ್ಬರು ಓದುಗರು ತಮ್ಮಲ್ಲೇ ವಾದ ಮಾಡುತ್ತಿದ್ದರೆ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅವರು ವಾದ ಮಾಡುತ್ತಿರುವಾಗ ನನ್ನ ಪಾತ್ರಗಳ ಬಗ್ಗೆ ನನಗೇ ಗೊತ್ತಿರದ ಎಷ್ಟೋ ಸಂಗತಿಗಳು ಹೊರಬರುತ್ತವೆ, ಅದನ್ನು ಯಾಕೆ ಕೆಡಿಸಲಿ?

ಪುಟ ಮಡಿಸುವವಳು
ಸರಿ, ಇದನ್ನು ಒಪ್ಪುತ್ತೇನೆ. ಅದು ನಿಮ್ಮ ಅಂಗಳ, ಅಲ್ಲಿಗೆ ಓದುಗರು ಬಂದಿದ್ದಾರೆ. ನಾನು ಹೇಳಿದ್ದು ಓದುಗರ ಅಂಗಳಕ್ಕೆ ಬರುವ ಲೇಖಕರ ಬಗ್ಗೆ.

ಸಣ್ಣ ಪ್ರಕಾಶಕ
ಎಲ್ಲರೂ ಸೇರಿ ಲೇಖಕರ ಬಾಯಿಗೆ ಬೀಗ ಹಾಕುತ್ತಿದ್ದೀರಿ, ನನ್ನ ಗೋದಾಮಿನಲ್ಲಿ ಉಳಿದ ಪ್ರತಿಗಳನ್ನು ಯಾರು ಮಾರಿಕೊಡುತ್ತಾರೆ? ಒಂದು ಸಾವಿರ ಪ್ರತಿ ಹಾಕುವುದಕ್ಕೇ ಕೈ ನಡುಗುವ ಕಾಲವಿದು. ಪತ್ರಿಕೆಗಳಲ್ಲಿ ಪುಸ್ತಕ ಪರಿಚಯದ ಜಾಗ ಕುಗ್ಗಿದೆ, ಅನೇಕ ಜಿಲ್ಲಾ ಕೇಂದ್ರಗಳಲ್ಲಿ ಒಂದು ನೆಟ್ಟಗಿನ ಪುಸ್ತಕದಂಗಡಿ ಇಲ್ಲ. ಲೇಖಕರು ಗುಂಪುಗಳಲ್ಲಿ ಓಡಾಡದಿದ್ದರೆ ಪುಸ್ತಕ ಬಂದದ್ದೇ ಜನರಿಗೆ ತಿಳಿಯುವುದಿಲ್ಲ. ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂದು ಭಾಷಣಗಳಲ್ಲಿ ಹೊಗಳುತ್ತೇವೆ. ಈಗಿನವನು ಅದನ್ನೇ ಮೊಬೈಲಿನಲ್ಲಿ ಮಾಡಿದರೆ ಅಸಭ್ಯನೇ?

ಗುಂಪಿನ ನಿರ್ವಾಹಕಿ
ಪ್ರಕಾಶಕರೇ, ಮಾರಾಟವನ್ನು ಯಾರೂ ಬೇಡವೆನ್ನಲಿಲ್ಲ. ಅನೇಕ ಗುಂಪುಗಳಲ್ಲಿ ಹೊಸ ಪುಸ್ತಕಗಳನ್ನು ತಿಳಿಸಲು ವಾರದಲ್ಲಿ ಒಂದು ದಿನ ಮೀಸಲಿಟ್ಟಿರುತ್ತಾರೆ. ಅಂದು ಮುಖಪುಟ ಹಾಕಿ, ಬೆಲೆ ಹೇಳಿ, ಎಲ್ಲಿ ಸಿಗುತ್ತದೆಂದು ತಿಳಿಸಿ, ಯಾರೂ ಏನೂ ಅನ್ನುವುದಿಲ್ಲ. ಅಸಭ್ಯವಾಗುವುದು ಬೇರೊಬ್ಬ ಲೇಖಕರ ಪುಸ್ತಕದ ಚರ್ಚೆಯ ಕೆಳಗೆ 'ಇದೇ ವಸ್ತುವಿನ ಮೇಲೆ ನನ್ನದೂ ಒಂದು ಕಾದಂಬರಿ ಇದೆ, ಓದಿ' ಎಂದು ಗೂಗಲ್ ಪೇ ನಂಬರ್ ಹಾಕಿದಾಗ. ಗುಂಪಿಗೆ ಸೇರಿದ ದಿನವೇ ಪುಸ್ತಕ ಬಿಡುಗಡೆಯ ಆಮಂತ್ರಣ ಹಾಕಿ, ಆಮೇಲೆ ಬೇರೆ ಯಾರ ಪುಸ್ತಕದ ಬಗ್ಗೆಯೂ ಒಂದು ಸಾಲು ಬರೆಯದಿರುವುದು ಕೂಡ ಅಂಥದೇ. ಗುಂಪಿನಲ್ಲಿ ಓದುಗರಾಗಿ ಇರುವ ಲೇಖಕರ ಪುಸ್ತಕಗಳನ್ನು ಜನ ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ.

ಗೌರವ ಪ್ರತಿಯ ಬಲಿಪಶು
ಗೌರವ ಪ್ರತಿಗಳ ಬಗ್ಗೆಯೂ ಯಾರಾದರೂ ಹೇಳಬೇಕಿತ್ತು, ನಾನೇ ಹೇಳುತ್ತೇನೆ. ಕೇಳದೆಯೇ ವಿಳಾಸ ಪಡೆದು 'ಪ್ರೀತಿಯಿಂದ' ಎಂದು ಸಹಿ ಹಾಕಿ ಕಳುಹಿಸುತ್ತಾರೆ. ಹದಿನೈದು ದಿನಕ್ಕೆ 'ತಲುಪಿತೇ?', ಒಂದು ತಿಂಗಳಿಗೆ 'ಓದಿದಿರಾ?', ಆಮೇಲೆ 'ನಾಲ್ಕು ಸಾಲು ಬರೆದರೆ ಉಪಕಾರ'. ಹೀಗೆ ವಸೂಲಿ ಮಾಡಿದ ನಾಲ್ಕು ಸಾಲಿನಲ್ಲಿ ಯಾರು ನಿಜ ಬರೆಯುತ್ತಾರೆ? ನಾನು ಈಗ ದುಡ್ಡು ಕೊಟ್ಟು ಕೊಂಡ ಪುಸ್ತಕಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಉಚಿತವಾಗಿ ಬಂದಿದ್ದರೆ ಹಾಗೆಂದು ಮೊದಲ ಸಾಲಿನಲ್ಲೇ ತಿಳಿಸುತ್ತೇನೆ.

ವಕೀಲ ಓದುಗ
ವಿಷಯಕ್ಕೆ ಸಂಬಂಧಿಸಿದ ಎರಡು ಕಾನೂನಿನ ಸಂಗತಿಗಳು. ತಮ್ಮ ಕಥೆಯ ಒಂದು ಪ್ಯಾರಾ ಉದ್ಧರಿಸಿ ಟೀಕಿಸಿದ್ದಕ್ಕೆ 'ಅನುಮತಿಯಿಲ್ಲದೆ ಬಳಸಿದ್ದೀರಿ' ಎಂದು ಓದುಗರಿಗೆ ನೋಟಿಸಿನ ಬೆದರಿಕೆ ಹಾಕುವವರನ್ನು ನೋಡಿದ್ದೇನೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ವಿಮರ್ಶೆಗಾಗಿ ಮಾಡುವ ನ್ಯಾಯೋಚಿತ ಬಳಕೆಗೆ ಅವಕಾಶ ಕೊಟ್ಟಿದೆ. ಆ ಬೆದರಿಕೆಯಿಂದ ಲೇಖಕರ ಮರ್ಯಾದೆಯೇ ಹೋಗುತ್ತದೆ. ಹಾಗೆಂದು ಇಡೀ ಪುಸ್ತಕದ ಪಿಡಿಎಫ್ ಮಾಡಿ ಟೆಲಿಗ್ರಾಮಿನಲ್ಲಿ ಹಂಚುವುದಾಗಲಿ, ಇಡೀ ಕಥೆಯನ್ನು ಓದಿ ಯೂಟ್ಯೂಬಿಗೆ ಹಾಕುವುದಾಗಲಿ ವಿಮರ್ಶೆಯಲ್ಲ. ಅಲ್ಲಿ ಲೇಖಕರು ಸುಮ್ಮನಿರಬೇಕಾದ ಯಾವ ಅಗತ್ಯವೂ ಇಲ್ಲ. ಆದರೆ ಆಗಲೂ ಮೊದಲು ನಿರ್ವಾಹಕರಿಗೆ ಖಾಸಗಿಯಾಗಿ ತಿಳಿಸುವುದು ಒಳ್ಳೆಯದು, ಹಂಚಿದವರು ಬಹಳ ಸಲ ಪುಸ್ತಕ ಸಿಗದೆ ಹುಡುಕಿ ಸೋತ ನಿಜವಾದ ಅಭಿಮಾನಿಗಳೇ ಆಗಿರುತ್ತಾರೆ.

ಸಣ್ಣ ಪ್ರಕಾಶಕ
ಅಭಿಮಾನಿಗಳು ಎಂದು ಮುದ್ದು ಮಾಡಬೇಡಿ ವಕೀಲರೇ. ನಮ್ಮ ಹೊಸ ಪುಸ್ತಕದ ಪಿಡಿಎಫ್ ಬಂದ ದಿನ ಅದು ಎಲ್ಲ ಅಂಗಡಿಗಳಲ್ಲಿಯೂ ಇತ್ತು.

ಹುಬ್ಬಳ್ಳಿ ಓದುಗ
ಮೂಲ ಪ್ರಶ್ನೆಗೆ ಬರೋಣ. ನಿರ್ವಾಹಕಿಯವರ ಪ್ರಸಂಗ ಓದಿದ ಮೇಲೂ ಲೇಖಕರು ಮೂಕರಾಗಿರಬೇಕೆಂದು ನನಗೆ ಅನ್ನಿಸುವುದಿಲ್ಲ. ಆ ಓದುಗರು ಪುಸ್ತಕ ಕೊಂಡು, ಓದಿ, ಇಷ್ಟುದ್ದ ಬರೆದಿದ್ದಾರೆ. ತಾವು ನೋಡಿದ್ದೀರೆಂದು ಅವರಿಗೂ ಗೊತ್ತು, ತಮ್ಮ ಹೆಸರನ್ನು ಟ್ಯಾಗ್ ಮಾಡಿದ್ದಾರೆಯೇ?

ಚೊಚ್ಚಲ ಕಥೆಗಾರ
ಹೌದು, ಟ್ಯಾಗ್ ಮಾಡಿದ್ದಾರೆ. ಅದನ್ನು ಮೊದಲೇ ಹೇಳಬೇಕಾಗಿತ್ತು.

ನಿವೃತ್ತ ಉಪಸಂಪಾದಕ
ಹಾಗಿದ್ದರೆ ಅದು ಅರ್ಧ ಪತ್ರವಾಯಿತು. ಉತ್ತರಿಸಬಹುದು, ಆದರೆ ಎರಡು ಸಾಲಿಗಿಂತ ಹೆಚ್ಚು ಬೇಡ.

ಪುಟ ಮಡಿಸುವವಳು
ಟೀಕೆ ಬರೆದು ಲೇಖಕರನ್ನೇ ಟ್ಯಾಗ್ ಮಾಡುವ ಓದುಗರಿಗೂ ಯಾರಾದರೂ ಬುದ್ಧಿ ಹೇಳಬೇಕು. ಕಾಲು ಕೆರೆದು ಕರೆದ ಮೇಲೆ 'ಲೇಖಕರು ಬಂದರು' ಎಂದು ದೂರುವುದು ನ್ಯಾಯವಲ್ಲ.

ಚೊಚ್ಚಲ ಕಥೆಗಾರ
ಕರಡು ಬರೆದಿದ್ದೇನೆ, ದಯವಿಟ್ಟು ನೋಡಿ: 'ಇಷ್ಟು ಆಸ್ಥೆಯಿಂದ ಓದಿದ್ದಕ್ಕೆ ವಂದನೆಗಳು. ಕಥೆಗಳ ಅಂತ್ಯದ ಬಗ್ಗೆ ತಾವು ಹೇಳಿದ್ದನ್ನು ಗಮನಿಸಿದ್ದೇನೆ, ಆದರೂ ಸಾವು ಇಲ್ಲಿ ರೂಪಕವಾಗಿ ಬಂದಿದೆ. ಕೊಳೆರೋಗದ ವಿಷಯದಲ್ಲಿ ತಮಗೆ ಮಾಹಿತಿಯ ಕೊರತೆ ಇದ್ದಂತಿದೆ. ಮೊದಲ ಔಷಧಿಯನ್ನು ಮುಂಗಾರಿಗೆ ಮುಂಚೆಯೇ ಹೊಡೆಯುತ್ತಾರೆ. ಮುಂದಿನ ಪುಸ್ತಕವನ್ನೂ ತಾವು ಓದಬೇಕೆಂದು ಕೋರುತ್ತೇನೆ.'

ಕರಡು ತಿದ್ದುವವರು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಇದನ್ನು ನೋಡಿ ಕೈ ತಡೆಯಲಿಲ್ಲ. 'ಆದರೂ' ಎಂಬಲ್ಲಿಂದ ಆ ವಾಕ್ಯದ ಕೊನೆಯವರೆಗೆ ಹೊಡೆದುಹಾಕಿ. ರೂಪಕವೆಂದು ಲೇಖಕರೇ ಹೇಳಬೇಕಾಗಿ ಬಂದರೆ ಅದು ಕಥೆಯಲ್ಲಿ ಕಾಣಲಿಲ್ಲವೆಂದೇ ಅರ್ಥ. 'ಮಾಹಿತಿಯ ಕೊರತೆ' ಹೋಗಬೇಕು, ಅದು ಇಡೀ ಉತ್ತರದಲ್ಲಿರುವ ಒಂದೇ ಒಂದು ಏಟು, ಜನ ಅದನ್ನೇ ಹಿಡಿದುಕೊಳ್ಳುತ್ತಾರೆ. ಮುಂದಿನ ಪುಸ್ತಕದ ಜಾಹೀರಾತೂ ಇಲ್ಲಿ ಬೇಡ. ಉಳಿಯುವುದು ಇಷ್ಟು: 'ಇಷ್ಟು ಆಸ್ಥೆಯಿಂದ ಓದಿದ್ದಕ್ಕೆ ವಂದನೆಗಳು. ನಮ್ಮ ಕಡೆ ಮೊದಲ ಔಷಧಿಯನ್ನು ಮುಂಗಾರಿಗೆ ಮುಂಚೆ ಹೊಡೆಯುತ್ತಾರೆ, ಕಥೆಯಲ್ಲಿ ಅದನ್ನೇ ಬರೆದಿದ್ದೇನೆ. ಉಳಿದ ಮಾತುಗಳನ್ನು ಓದಿಕೊಂಡಿದ್ದೇನೆ.'

ಗುಂಪಿನ ನಿರ್ವಾಹಕಿ
ಇದು ಸಾಕು. ಹಾಕಿದ ಮೇಲೆ ಆ ಚರ್ಚೆಯ ಸೂಚನೆಗಳನ್ನು ಬಂದ್ ಮಾಡಿಕೊಳ್ಳಿ. ಕೆಳಗೆ ಯಾರಾದರೂ ನಿಮ್ಮ ಪರವಾಗಿ ಆ ಓದುಗರ ಮೇಲೆ ಬಿದ್ದರೆ ಮಾತ್ರ ಇನ್ನೊಮ್ಮೆ ಬಂದು, ದಯವಿಟ್ಟು ಬೇಡವೆಂದು ನಿಮ್ಮವರಿಗೇ ಹೇಳಿ. ಅದನ್ನು ಲೇಖಕರಲ್ಲದೆ ಬೇರೆ ಯಾರು ಹೇಳಿದರೂ ಅವರು ಕೇಳುವುದಿಲ್ಲ.

ಗುಡ್‌ರೀಡ್ಸ್ ಗಿರಾಕಿ
ನನ್ನ ಮಟ್ಟಿಗೆ ಅಷ್ಟೂ ಬೇಡವಾಗಿತ್ತು. ಔಷಧಿಯ ವಿಷಯ ಬಲ್ಲ ಓದುಗರೊಬ್ಬರು ಆ ಗುಂಪಿನಲ್ಲೇ ಇದ್ದೇ ಇರುತ್ತಾರೆ, ಎರಡು ದಿನ ಕಾದಿದ್ದರೆ ಅವರೇ ಹೇಳುತ್ತಿದ್ದರು.

ತೀರ್ಥಹಳ್ಳಿ ತೋಟ
ಮೇ ಕೊನೆಯವರೆಗೆ ಕಾಯಬೇಕಾದೀತು. ತೋಟದವರು ಉಳಿದ ಸಮಯದಲ್ಲಿ ಫೇಸ್‌ಬುಕ್ಕಿನಲ್ಲಿ ಅಡಿಕೆ ಧಾರಣೆ ಮಾತ್ರ ನೋಡುತ್ತಾರೆ. ಅದಿರಲಿ, ಪುಸ್ತಕ ಎಲ್ಲಿ ಸಿಗುತ್ತದೆ?

ಚೊಚ್ಚಲ ಕಥೆಗಾರ
ಹೇಳಬಹುದೇ, ನಿರ್ವಾಹಕಿಯವರೇ?

ಗುಂಪಿನ ನಿರ್ವಾಹಕಿ
ಅವರಾಗಿಯೇ ಕೇಳಿದ್ದಾರೆ, ಹೇಳಿ. ಗೌರವ ಪ್ರತಿ ಮಾತ್ರ ಕಳುಹಿಸಬೇಡಿ.